ಕೆಂಪು ಚೀಲದ ಫೋಟೋ

ಕನ್ನಡಕದ ಅಂಗಡಿಯವನನ್ನು ಬೀದಿಯವರು ಪುಕ್ಕಟೆರಾಯ ಎನ್ನುತ್ತಿದ್ದರು. ಕನ್ನಡಕವನ್ನೇನೂ ಪುಕ್ಕಟೆ ಕೊಡುತ್ತಿರಲಿಲ್ಲ, ಆ ಮಾತು ಬೇರೆ. ಆದರೆ ದುಡ್ಡಿಲ್ಲದೆ ಸಿಗುವ, ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ತಂತ್ರಾಂಶದ ಪುರಾಣ ಶುರುಮಾಡಿದನೆಂದರೆ, ಅಯ್ಯೋ, ಗಿರಾಕಿ ಎದ್ದು ಹೋಗುವಂತೆಯೂ ಇಲ್ಲ, ಕಣ್ಣಿನ ಪರೀಕ್ಷೆ ಅರ್ಧಕ್ಕೇ ನಿಂತಿರುತ್ತಿತ್ತು! ಹಿಂದಿನ ಕೋಣೆಯಲ್ಲಿ ಹಳೆಯ ಕಂಪ್ಯೂಟರೊಂದರ ಮೇಲೆ ತನ್ನದೇ ಪುಟ್ಟ ಸೋಷಿಯಲ್ ಮೀಡಿಯಾ ನಡೆಸುತ್ತಿದ್ದ. ಅಂಥ ಕಂಪ್ಯೂಟರುಗಳು, ಅಂದರೆ ಸರ್ವರ್‌ಗಳು, ಎಲ್ಲೆಲ್ಲೋ ಯಾರ‍್ಯಾರ ಮನೆಗಳಲ್ಲೋ ಇದ್ದವು. ಒಂದರಲ್ಲಿ ಹಾಕಿದ್ದು ಉಳಿದವಕ್ಕೂ ಹೋಗುತ್ತಿತ್ತು, ಎಲ್ಲಕ್ಕೂ ಒಬ್ಬ ಯಜಮಾನ ಅಂತ ಇರಲಿಲ್ಲ.

ಅಂಗಡಿಯ ಮೇಲಿನ ಮಹಡಿಯ ಕೋಣೆಗೆ ಬಾಡಿಗೆಗೆ ಬಂದಿದ್ದ ಹೊಲಿಗೆಯವಳು ಗಂಡನ ಹೊಡೆತ ತಾಳಲಾರದೆ ಊರು ಬಿಟ್ಟವಳು. ತಾನೆಲ್ಲಿದ್ದೇನೆಂದು ಅವನಿಗೆ ಗೊತ್ತಾಗಬಾರದು ಎಂಬುದೊಂದೇ ಅವಳ ಚಿಂತೆ. ಫೋನಿನಲ್ಲಿ ಏನನ್ನೂ ಹಾಕುತ್ತಿರಲಿಲ್ಲ. ಪುಕ್ಕಟೆರಾಯನೇ ಹುರಿದುಂಬಿಸಿದ.

"ನಮ್ದು ದೊಡ್ಡ ಕಂಪನೀದಲ್ಲಮ್ಮ, ಯಾರೂ ಬೆನ್ನು ಹತ್ತಲ್ಲ. ಹೆಸರು ಹಾಕ್ಬೇಡ. ನೀನು ಹೊಲಿದ ಚೀಲಗಳ ಫೋಟೋ ಹಾಕು, ನಾಲ್ಕು ಜನ ಕೊಳ್ತಾರೆ."

ಹಾಕಿದಳು. ಕಿಟಕಿಯ ಬೆಳಕಿಗೆ ಹಿಡಿದ ಕೆಂಪು ಚೀಲ ಚೆನ್ನಾಗಿ ಬಂದಿತ್ತು. ಎದುರಿನ ಔಷಧಿ ಅಂಗಡಿಯ ಬೋರ್ಡೂ ಬೀದಿಯ ಹೆಸರಿನ ಸಮೇತ ಅಷ್ಟೇ ಚೆನ್ನಾಗಿ ಬಂದಿತ್ತು.

ಮಧ್ಯಾಹ್ನ ಅವಳು ದಡದಡ ಮೆಟ್ಟಿಲಿಳಿದು ಬಂದಳು. "ಅಣ್ಣ, ನನ್ನ ಮೈದುನ ಇದಕ್ಕೆ ಲೈಕ್ ಒತ್ತಿದಾನೆ! ನನ್ನ ಹೊಲಿಗೆ ಅವನಿಗೆ ಗುರುತು ಸಿಗದೆ ಇರುತ್ತಾ?"

ಪುಕ್ಕಟೆರಾಯ ಹಿಂದಿನ ಕೋಣೆಗೆ ಓಡಿದ. ಮೊದಲು, ಆ ಮೈದುನನ ಖಾತೆಯಿದ್ದ ಸರ್ವರ್‌ನೊಂದಿಗೆ ಸಂಪರ್ಕವನ್ನೇ ಕಡಿದ. ಆಮೇಲೆ ಫೋಟೋ ಅಳಿಸಿದ. "ಹೋಯ್ತಮ್ಮ, ನಿಶ್ಚಿಂತೆಯಾಗಿರು," ಎಂದ.

ತನ್ನ ಹೆಂಡತಿಯ ಫೋನಿನಲ್ಲಿ ಆ ಸರ್ವರ್ ತೆರೆದು ನೋಡಿದರೆ, ಚೀಲ ಅಲ್ಲಿಯೇ ಇದೆ! ಇಲ್ಲಿ ಅಳಿಸಿದ ಸುದ್ದಿ ಅಲ್ಲಿಗೆ ತಲುಪಿದರೆ ಮಾತ್ರ ಅಲ್ಲಿನ ಪ್ರತಿ ಹೋಗುವುದು. ಸುದ್ದಿ ಹೋಗುವ ದಾರಿಯನ್ನು ಇವನೇ ಮೊದಲು ಮುಚ್ಚಿದ್ದ. ಮತ್ತೆ ತೆರೆದ, ಆದರೆ ಮತ್ತೊಮ್ಮೆ ಅಳಿಸಿ ಸುದ್ದಿ ಕಳಿಸಲು ಇಲ್ಲಿ ಏನೂ ಉಳಿದಿರಲಿಲ್ಲ. ಬೇರೆಯವರು ಕೇಳಿದ್ದರೆ ಇದನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದ ಮಹಾರಾಯ. ಆ ಗಳಿಗೆಯಲ್ಲಿ ಬುದ್ಧಿಗೆ ಮಂಕು ಕವಿದಿತ್ತು.

ಆ ಸರ್ವರ್ ನೋಡಿಕೊಳ್ಳುವವನಿಗೆ ಅಂಗಲಾಚಿ ಬರೆದ. "ಪ್ರವಾಸದಲ್ಲಿದ್ದೀನಿ, ಬಂದ್ಮೇಲೆ ನೋಡ್ತೀನಿ," ಎಂದು ಉತ್ತರ ಬಂತು. ಬೈಯಲು ಬಾಯಿ ಬರಲಿಲ್ಲ. ಅವನೂ ಪಾಪ, ಇವನ ಹಾಗೆಯೇ ಸಂಬಳವಿಲ್ಲದೆ ದುಡಿಯುವವನು.

ಮಹಡಿ ಹತ್ತಿ ನಿಜ ಹೇಳಿದ. ಅವಳು ಎದ್ದು ಚೀಲಕ್ಕೆ ಬಟ್ಟೆಬರೆ ತುರುಕತೊಡಗಿದಳು.

"ಎಲ್ಲಿಗಮ್ಮ? ಒಬ್ಬಳೇ ಹೋಗ್ಬೇಡ, ನಾನು ಬಿಟ್ಟು ಬರ್ತೀನಿ."

"ಬೇಡ ಅಣ್ಣ. ಅವರು ಮೊದಲು ನಿಮ್ಮ ಅಂಗಡಿಗೇ ಬರೋದು. ನಿಮಗೆ ಗೊತ್ತಿಲ್ಲದಿದ್ರೇ ಒಳ್ಳೇದು."

"ಹೊಲಿಗೆ ಮಷೀನು?"

"ಅದನ್ನೆಲ್ಲಿ ಹೊತ್ಕೊಂಡು ಹೋಗ್ಲಿ?"

ಕೆಳಗಿಳಿದು ಬೀದಿಯಲ್ಲಿ ನಿಂತಳು. ತಿರುವಿನವರೆಗಾದರೂ ಬರುತ್ತೇನೆಂದ. ಬೇಡವೆಂದು ತಲೆಯಲ್ಲಾಡಿಸಿದಳು. ಯಾವ ಕಡೆಗೆ ಹೋಗುತ್ತಾಳೆಂದು ಅವನ ಕಣ್ಣಿಗೆ ಬೀಳಬಾರದೆಂದು, ಅವನು ಒಳಗೆ ಹೋಗುವವರೆಗೂ ಅಲ್ಲೇ ನಿಂತಿದ್ದಳು.