ಮೊಣಕೈಯಿಂದ ಒಂದು ಗೇಣು ಕೆಳಗೆ

ಇನ್ನೂ ಆರು ಗಂಟೆ ಆಗಿಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಮಲ್ಲೇಶ್ ಎಂಬವರ ಹೊಸ ಮನೆ ಏಳುತ್ತಿದೆ. ಬಾಗಿಲು ಕೂತಿಲ್ಲ, ಕಿಟಕಿಗೆ ಗಾಜು ಬಂದಿಲ್ಲ. ಅಡುಗೆಮನೆ ಆಗಬೇಕಾದ ಕೋಣೆಯಲ್ಲಿ ಎರ್ರೆಮ್ಮ ಸೊಂಟ ಬಗ್ಗಿಸಿ ಸುಣ್ಣದ ಪುಡಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದಾರೆ. ಒಂದು ಗೆರೆ ಮುಗಿದರೆ ಗೋಡೆ ಹಿಡಿದು ನೆಟ್ಟಗಾಗುತ್ತಾರೆ, ಉಸಿರು ಬಿಡುತ್ತಾರೆ, ಮತ್ತೆ ಬಗ್ಗುತ್ತಾರೆ. ದೂರದಿಂದ ನೋಡಿದವರು ರಂಗೋಲಿ ಅಂದುಕೊಳ್ಳಬೇಕು. ಹತ್ತಿರ ಹೋದರೆ ಇದು ಒಲೆ, ಇದು ಸಿಂಕು, ಇದು ಕಟ್ಟೆ.

"ಮಧ್ಯಾಹ್ನಕ್ಕ ಕಲ್ಲು ಕುಂದ್ರತೈತ್ರಿ. ಒಮ್ಮೆ ಕುಂತ್ರ ಏಳಂಗಿಲ್ಲ. ಏನ್ ತಪ್ಪಿದ್ರೂ ಈಗ ತಿದ್ಕೋಬೇಕು" ಅನ್ನುತ್ತಾರೆ, ಅವರ ಕೆಲಸ ನೋಡಿ ಬರೆಯಲು ಬಂದ ನನ್ನ ಕಡೆ ನೋಡದೆ.

ಎರ್ರೆಮ್ಮನಿಗೆ ಐವತ್ಮೂರು. ಊರು ಎಮ್ಮಿಗನೂರು. ನಾಟಿ ಕೆಲಸ ವರ್ಷಕ್ಕೆ ಎರಡು ಸಲ ಸಿಗುತ್ತದೆ, ಹೊಟ್ಟೆ ಮಾತ್ರ ದಿನಾ ಕೇಳುತ್ತದೆ ಅಂತ ಇಪ್ಪತ್ತೇಳನೇ ವಯಸ್ಸಿಗೆ ಗಾರೆ ಕೆಲಸಕ್ಕೆ ಬಂದವರು. ಗಂಡ ಅಂದಾನಪ್ಪ ಗಿರಣಿಯಲ್ಲಿ ಹಮಾಲಿ. ಎರ್ರೆಮ್ಮ ನಾಲ್ಕಕ್ಕೆ ಎದ್ದು ಹತ್ತು ರೊಟ್ಟಿ ಬಡಿದು, ಮೊದಲ ಬಸ್ಸು ಹಿಡಿದು, ದಿನಕ್ಕೆ ನೂರಿಪ್ಪತ್ತು ಬುಟ್ಟಿ ಮಾಲು, ಅಂದರೆ ಕಲಸಿದ ಸಿಮೆಂಟು-ಮರಳು, ಹೊರುತ್ತಾರೆ. ಕೆಲಸದವರ ಪಟ್ಟಿಯಲ್ಲಿ ಅವರ ಹೆಸರು ಕೊನೆಯದು, ಎದುರಿಗೆ ಬರೆದಿರುವುದು ‘ಕೈಯಾಳು’ ಎಂದಷ್ಟೆ. ಆದರೆ ಕಂಪ್ಲಿಯಿಂದ ಹೊಸಪೇಟೆಯವರೆಗೆ ನೂರಾರು ಅಡುಗೆಮನೆಗಳಲ್ಲಿ ಒಲೆ ಎಲ್ಲಿ, ನೀರು ಎಲ್ಲಿ, ಕಟ್ಟೆ ಎಷ್ಟು ಎತ್ತರ ಎಂದು ಗೊತ್ತು ಮಾಡಿದ್ದು ಈ ಕೈಯಾಳೇ.

"ಅಳತಿ ಆಕೀದು, ಕರಣಿ ನಂದು" ಎಂದು ಕರಣೆ ಹಿಡಿದು ಗಾರೆ ಮೆತ್ತುವ ಗೌಂಡಿ ಉಚ್ಚೆಂಗಪ್ಪ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಕೂಲಿಯ ಮಾತು ಬಂದಾಗ ಮಾತ್ರ ಅವರು ಸಿಮೆಂಟಿನ ಚೀಲ ಎಣಿಸಲು ಹೋಗುತ್ತಾರೆ.

ಏಳು ಗಂಟೆಗೆ ಮಲ್ಲೇಶ್ ಅವರ ಹೆಂಡತಿ ಸ್ಫೂರ್ತಿ ಬರುತ್ತಾರೆ. ಅವರ ಮೊಬೈಲಿನಲ್ಲಿ ಒಂದು ಚಿತ್ರವಿದೆ. ನಡುವೆ ದ್ವೀಪದ ಹಾಗೆ ಒಂದು ಕಲ್ಲು, ಸುತ್ತ ಓಡಾಡಲು ಜಾಗ, ಮೇಲೆ ತೂಗುವ ದೀಪ. ಎರ್ರೆಮ್ಮ ಬ್ಯಾಡ ಅನ್ನುವುದಿಲ್ಲ. ನಡುವೆ ಸುಣ್ಣದಿಂದ ಒಂದು ಚೌಕ ಬರೆದು, "ಅಡಿಗಿ ಮಾಡ್ರಿ ಅಕ್ಕಾರ" ಅನ್ನುತ್ತಾರೆ.

ಇದು ಅವರ ಪದ್ಧತಿ. ಕಲ್ಲು ಕೂರಿಸುವ ಮೊದಲು ಮನೆಯವರು ಗೆರೆಗಳ ನಡುವೆ ಖಾಲಿ ಅಡುಗೆ ಮಾಡಬೇಕು. ಇಲ್ಲದ ನಲ್ಲಿಯಿಂದ ಇಲ್ಲದ ನೀರು ಹಿಡಿದು, ಇಲ್ಲದ ಒಲೆಯ ಮೇಲೆ ಬೇಳೆ ಇಡಬೇಕು. ಸ್ಫೂರ್ತಿ ಮೊದಲು ನಕ್ಕರು, ಆಮೇಲೆ ಮಾಡಿದರು. ಎರ್ರೆಮ್ಮ ಗೋಡೆಗೆ ಒರಗಿ ಬೆರಳು ಮಡಿಚುತ್ತಾ ಹೋದರು. ಒಂದು ಸಾರು ಇಳಿಸುವಷ್ಟರಲ್ಲಿ ಸ್ಫೂರ್ತಿ ನಡುವಿನ ಚೌಕವನ್ನು ಹನ್ನೊಂದು ಸಲ ಸುತ್ತಿದ್ದರು.

"ಗುಡಿ ಸುತ್ತಿದಂಗ ಆತಲ್ರಿ" ಎಂದು ಸ್ಫೂರ್ತಿಯವರೇ ಅಂದು, ಕಾಲಿನಿಂದ ಚೌಕ ಅಳಿಸಿದರು. ಕಟ್ಟೆ ಮೂಲೆಯಲ್ಲಿ ತಿರುಗಿ ಎರಡು ಗೋಡೆಗೆ ಹೊಂದಿಕೊಂಡಿತು. ಹಿರಿಯರು ಹೇಳಿದ ಹಾಗೆ ಒಲೆ ಆಗ್ನೇಯಕ್ಕೆ, ಸಿಂಕು ಕೈಗೆ ಸಿಗುವಷ್ಟು ದೂರಕ್ಕೆ, ರೊಟ್ಟಿ ಬಡಿಯುವ ಜಾಗ ಕಿಟಕಿಯ ಕೆಳಗೆ.

ಇನ್ನು ಎತ್ತರ. ಎರ್ರೆಮ್ಮ ಸೆರಗಿನ ಗಂಟಿನಿಂದ ಸೆಣಬಿನ ಹುರಿ ತೆಗೆಯುತ್ತಾರೆ. ಒಂದು ತುದಿ ಅಳತೆಗೆ ನಿಂತವರ ಪಾದದ ಕೆಳಗೆ, ಹುರಿ ನೆಟ್ಟಗೆ ಮೇಲಕ್ಕೆ, ಮೊಣಕೈ ಹತ್ತಿರ ಒಂದು ಗಂಟು. ಹೆಚ್ಚುವ ಕಟ್ಟೆ ಗಂಟಿನಿಂದ ನಾಲ್ಕು ಬೆರಳು ಕೆಳಗೆ. ಜೋಳದ ರೊಟ್ಟಿ ಬಡಿಯುವ ಕಟ್ಟೆ ಒಂದು ಗೇಣು ಕೆಳಗೆ. ರೊಟ್ಟಿಗೆ ಮೈಭಾರ ಅಂಗೈಗೆ ಇಳಿಯಬೇಕು, ಕಟ್ಟೆ ಎತ್ತರವಾದರೆ ಭಾರವೆಲ್ಲ ಹೆಗಲು ಹೊರುತ್ತದೆ. ಈ ಮಾತು ಕೇಳುವಾಗ ನನಗೆ ಮನೆಯ ನೆನಪಾಗಿ ನಾಚಿಕೆಯಾಯಿತು. ನನ್ನ ಹೆಂಡತಿ ಆರು ವರ್ಷದಿಂದ ಬಲಹೆಗಲಿಗೆ ಮುಲಾಮು ತಿಕ್ಕುತ್ತಾಳೆ. ಅವಳು ನಿಲ್ಲುವ ಕಟ್ಟೆಯ ಎತ್ತರ ಯಾರು ಹೇಳಿದರೋ ನನಗೆ ಗೊತ್ತಿಲ್ಲ.

ಅಳತೆಗೆ, ಸೊಸೆಯ ಜೊತೆಗೇ ಬಂದಿದ್ದ ಮಲ್ಲೇಶ್ ಅವರ ತಾಯಿ ಮರುಳಸಿದ್ದಮ್ಮ ಮುಂದೆ ಬಂದು ನಿಂತರು. ಇಲ್ಲಿಯ ಮನೆಗಳಲ್ಲಿ ಅದೇ ರೂಢಿ, ಹಿರಿಯ ಹೆಣ್ಣುಮಗಳಿಗೆ ಮೊದಲ ಮರ್ಯಾದೆ. ಎರ್ರೆಮ್ಮ ಹುರಿ ಹಿಡಿಯಲಿಲ್ಲ.

"ಅಮ್ಮಾರೆ, ಈ ಮನಿಯಾಗ ರೊಟ್ಟಿ ಬಡಿಯೋರು ಯಾರ್ರಿ?"

ಆ ಹೊತ್ತಿಗೆ ಹಳೆಯ ಮನೆಯಿಂದ ಚಹಾದ ಫ್ಲಾಸ್ಕ್ ತಂದವಳು ದೇವಿಕಾ, ಮನೆಯ ಅಡುಗೆ ಕೆಲಸದವಳು. ಕುಳ್ಳಗಿನ ಹೆಂಗಸು. ಲೋಟ ಕೊಡುವಾಗ ಅವಳ ಬೆರಳ ತುದಿಯ ಸುಟ್ಟ ಕಲೆಗಳನ್ನು ಎರ್ರೆಮ್ಮ ನೋಡಿದರು.

"ನಿತ್ಯ ಎಷ್ಟು ಬಡೀತಿಯವ್ವಾ?"

"ನಲವತ್ತು."

"ಹೆಗಲು?"

ದೇವಿಕಾ ಸ್ಫೂರ್ತಿಯ ಕಡೆ ನೋಡಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಮರುಳಸಿದ್ದಮ್ಮನ ಮುಖ ಬಿಗಿಯಿತು. "ಆಕಿ ಇವತ್ತು ಇರ್ತಾಳ, ನಾಳೆ ಬಿಡ್ತಾಳ. ಮನಿ ನಮ್ದು. ಕೆಲಸದಾಕಿ ಅಳತಿಗೆ ಯಾರರ ಕಟ್ಟಿ ಕಟ್ಟಿಸ್ತಾರೇನು?"

ಉಚ್ಚೆಂಗಪ್ಪ ಅಷ್ಟರಲ್ಲಿ ಗೆರೆಯ ಮೇಲೆ ರೂಢಿಯ ಎತ್ತರಕ್ಕೆ ಇಟ್ಟಿಗೆಯ ಸಾಲು ಎಬ್ಬಿಸಿ ಮಾಲು ಕಲಸಿಟ್ಟಿದ್ದರು. ಅದು ಬಿಗಿಯುವ ಮೊದಲು ಕಲ್ಲು ಕೂರಬೇಕು. ಅಮ್ಮನವರು ಹೇಳಿದಂತೆ ಮಾಡಿ ಮುಗಿಸೋಣ ಎಂದು ಅವರು ಕಣ್ಣಲ್ಲೇ ಹೇಳುತ್ತಿದ್ದರು. ಎರ್ರೆಮ್ಮ ಮಾಲಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕುಳಿತರು. ಹಟಕ್ಕೆ ಕುಳಿತವರಂತೆ ಕಾಣಲಿಲ್ಲ, ದಣಿದು ಕುಳಿತವರಂತೆ ಕಂಡರು.

"ಒಂಬತ್ತು ವರ್ಷ ಆತು ಅಮ್ಮಾರೆ. ನಮ್ಮೂರಾಗ ಒಂದು ಮನಿ. ಹಿಂಗ ಅತ್ತಿ ಬಂದು ನಿಂತ್ರು, ಎತ್ತರದಾಕಿ. ಮರ್ಯಾದಿ ಅಂತ ಆಕಿ ಮೊಣಕೈಗೆ ಗಂಟು ಹಾಕ್ದೆ. ಅಡಿಗಿ ಮಾಡಾಕಿ ಸೊಸಿ ಪಂಪಾವತಿ, ನನ್ನ ಹೆಗಲಿಗೆ ಬರ್ತಿದ್ಲು. ಕಟ್ಟಿಗಿ ಮಣಿ ಮ್ಯಾಲ ನಿಂತು ಅಡಿಗಿ ಮಾಡ್ತಿದ್ಲು. ಒಂದಿನ ಮಣಿ ಜಾರ್ತು. ಕುದಿಯೋ ಗಂಜಿ ಕೈ ಮ್ಯಾಲ." ಸೆರಗಿಗೆ ಕೈ ಒರೆಸಿಕೊಂಡು ಅಂದರು, "ಆಕಿ ನನ್ನ ಒಂದ್ ಮಾತು ಅಂದಿಲ್ಲ. ಸಂತ್ಯಾಗ ಸಿಕ್ರ ಅಕ್ಕಾ ಅಂತ ಮಾತಾಡಸ್ತಾಳ. ಅದ ಭಾಳ ಕಷ್ಟ ನನಗ."

ಮರುಳಸಿದ್ದಮ್ಮ ಗೆರೆಗಳ ಕಡೆ ನೋಡಿದರು. ಎಡಗೈ ಅವರಿಗೇ ಅರಿವಿಲ್ಲದೆ ಬಲಹೆಗಲ ಮೇಲೆ ಹೋಗಿತ್ತು.

"ಹಳೇ ಮನಿ ಕಟ್ಟಿ ನಮ್ಮ ಮನಿಯವರ ಎತ್ತರಕ್ಕ ಹಾಕಿದ್ರು. ಅವರು ಒಂದಿನಾನೂ ಅಲ್ಲಿ ನಿಂತಿಲ್ಲ. ಮೂವತ್ತು ವರ್ಷ ನಾನು ಬಡ್ದೆ" ಅಂದರು. ಆಮೇಲೆ ಪಕ್ಕಕ್ಕೆ ಸರಿದರು. "ಹೋಗು ದೇವಿಕಾ, ನಿಲ್ಲು ಅಲ್ಲಿ."

ಒಲೆಯ ಕಡೆಯ ಕಲ್ಲು ಸ್ಫೂರ್ತಿಯ ಅಳತೆಗೆ, ಕಿಟಕಿಯ ಕೆಳಗಿನದು ದೇವಿಕಾಳ ಅಳತೆಗೆ ಎಂದಾಯಿತು. ಉಚ್ಚೆಂಗಪ್ಪ ಗೊಣಗುತ್ತಲೇ ಕಿಟಕಿಯ ಕಡೆಯ ಇಟ್ಟಿಗೆಯ ಎರಡು ಸಾಲು ಕಿತ್ತರು. ಬಿಗಿದ ಮಾಲು ಚೆಲ್ಲಿ ಹೊಸದು ಕಲಸಬೇಕಾಯಿತು. ಎರ್ರೆಮ್ಮ ಹೆಚ್ಚುವರಿ ಹದಿನಾಲ್ಕು ಬುಟ್ಟಿ ಹೊತ್ತರು. ಅದಕ್ಕೆ ಯಾರೂ ಕೂಲಿ ಕೊಡುವುದಿಲ್ಲ, ಅವರು ಕೇಳುವುದೂ ಇಲ್ಲ.

ಎರಡು ಗಂಟೆಗೆ ಕಲ್ಲು ಕೂತಿತು. ಇನ್ನೂ ಒಣಗದ ಕಟ್ಟೆಗೆ ಭಾರ ಬಿಡದ ಹಾಗೆ ದೇವಿಕಾ ಅದರ ಮೇಲೆ ಗಾಳಿಯಲ್ಲೇ ರೊಟ್ಟಿ ಬಡಿದಳು. ಎರ್ರೆಮ್ಮ ಅವಳ ಕೈ ನೋಡಲಿಲ್ಲ, ಹೆಗಲು ನೋಡಿದರು. ಹೆಗಲು ಏಳಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿತ್ತು. ನಿಮ್ಮ ಮನೆಯ ಕಟ್ಟೆ ಹೇಗಿದೆ ಎಂದು ನಾನು ಕೇಳಿದೆ. ಎರ್ರೆಮ್ಮ ಹುರಿ ಸುತ್ತುತ್ತಾ, "ಎಲ್ಲಿ ಕಟ್ಟಿರಿ? ನೆಲದ ಮ್ಯಾಲೆ ಒಲಿ. ಕುಂತ್ರ ಏಳಾಕ ಗ್ವಾಡಿ ಹಿಡೀಬೇಕು. ಮೂರು ವರ್ಷದ ಹಿಂದ ಒಬ್ರು ಉಳಿದಿದ್ದು ಕಡಪ ಕಲ್ಲು ಕೊಟ್ರು. ಗ್ವಾಡಿಗೆ ಆನಿಸಿಟ್ಟೀನಿ. ಒಂದಿನ ನಿಂತ್ಕೊಂಡು ಅದರ ಮ್ಯಾಲ ರೊಟ್ಟಿ ಬಡೀಬೇಕು ಅಂತ ಆಸಿ" ಅಂದರು.

"ಮತ್ತೆ ಯಾಕೆ ಕೂರಿಸಿಲ್ಲ?"

"ಸಂಜಿಗೆ ಮನಿ ಮುಟ್ಟಿದ್ರ ಗಂಡ-ಹೆಂಡ್ತಿ ಇಬ್ರಿಗೂ ಕೈ ಏಳಂಗಿಲ್ರಿ. ಅಳತಿನೂ ಆಗಿಲ್ಲ. ತನ್ನ ಮೊಣಕೈಗೆ ತಾನ ಗಂಟು ಹಾಕ್ಕೊಳ್ಳಾಕ ಬರಂಗಿಲ್ಲ ನೋಡ್ರಿ, ಬಗ್ಗಿದ ಕೂಡ್ಲೆ ಅಳತಿ ತಪ್ಪತೈತಿ."

ಚಹಾದ ಲೋಟ ತೊಳೆಯುತ್ತಿದ್ದ ದೇವಿಕಾ ಕೈ ಒರೆಸಿಕೊಂಡು ಬಂದಳು. ಎರ್ರೆಮ್ಮನ ಕೈಯಿಂದ ಹುರಿ ತೆಗೆದುಕೊಂಡಳು. ತುದಿಯನ್ನು ಅವರ ಪಾದದ ಕೆಳಗೆ ಸೇರಿಸಿ, ಮೇಲಕ್ಕೆ ಎಳೆದು, ಮೊಣಕೈ ಹತ್ತಿರ ಬೆರಳು ಇಟ್ಟು ಕೇಳಿದಳು.

"ನಿಮ್ಮ ಮನಿಯಾಗ ರೊಟ್ಟಿ ಬಡಿಯೋರು ಯಾರಕ್ಕಾ?"

ಎರ್ರೆಮ್ಮ ನೆಟ್ಟಗೆ ನಿಂತರು. ಬೆಳಗಿನಿಂದ ಅವರು ಗೋಡೆ ಹಿಡಿಯದೆ ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

"ನಾನ ಬಡೀತೀನಿ. ಒಂದು ಗೇಣು ಕೆಳಗ ಹಾಕವ್ವಾ."