ಒಂದೇ ಕೈಗೆ ಕೊಟ್ಟ ಕೆಲಸ

ಲಾಕ್‌ಡೌನ್‌ಗಳ ಕಾಟ ಮುಗಿದು ವಿಮಾನಗಳು ಮತ್ತೆ ತುಂಬತೊಡಗಿದ್ದ ವರ್ಷ ಅದು. ನಾನಾಗ ರಾಜಾಜಿನಗರದ ಒಂದು ಎಂಜಿನಿಯರಿಂಗ್ ಸಲಹಾ ಸಂಸ್ಥೆಯಲ್ಲಿ ಹಿರಿಯ ಎಂಜಿನಿಯರ್ ಆಗಿದ್ದೆ. ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಬ್ಯಾಗುಗಳನ್ನು ಸಾಗಿಸುವ ಮತ್ತು ತಪಾಸಣೆ ಮಾಡುವ ವ್ಯವಸ್ಥೆ ನನ್ನ ವಿಷಯ. ಮಧ್ಯಮ ಗಾತ್ರದ ಒಂದು ವಿಮಾನ ನಿಲ್ದಾಣದವರು ತಮ್ಮ ಹಳೆಯ ಬ್ಯಾಗೇಜ್ ತಪಾಸಣಾ ವ್ಯವಸ್ಥೆಯನ್ನು ಬದಲಾಯಿಸಲು ನಮ್ಮ ಸಲಹೆ ಕೇಳಿದರು. ಅದರ ಹೆಸರು ಇಲ್ಲಿ ಬೇಡ.

ಅಲ್ಲಿ ಆಗ ಪ್ರಯಾಣಿಕರು ಬಾಗಿಲಲ್ಲೇ ಸಾಲು ನಿಂತು ಬ್ಯಾಗನ್ನು ಎಕ್ಸ್-ರೇ ಯಂತ್ರಕ್ಕೆ ಹಾಕಿ, ಪಟ್ಟಿ ಕಟ್ಟಿಸಿಕೊಂಡು, ಆಮೇಲೆ ಕೌಂಟರಿಗೆ ಹೋಗಬೇಕಿತ್ತು. ಹೊಸ ವ್ಯವಸ್ಥೆಯಲ್ಲಿ ಬ್ಯಾಗನ್ನು ಕೌಂಟರಿನಲ್ಲಿ ಕೊಟ್ಟರೆ ಸಾಕು. ಅದು ಒಳಗಿನ ಕನ್ವೇಯರ್ ಬೆಲ್ಟ್ ಮೇಲೆ ಸಾಗುತ್ತಲೇ ಸ್ಕ್ಯಾನ್ ಆಗುತ್ತದೆ. ಅನುಮಾನ ಬಂದ ಬ್ಯಾಗು ತಾನಾಗಿಯೇ ಬೇರೆ ದಾರಿ ಹಿಡಿದು ಇನ್ನೊಂದು ಹಂತದ ತಪಾಸಣೆಗೆ ಹೋಗುತ್ತದೆ. ಕೇಳಲು ಸುಲಭ. ಆದರೆ ಯಾವ ಬ್ಯಾಗು ಯಾವ ಕ್ಷಣದಲ್ಲಿ ಎಲ್ಲಿದೆ ಎಂಬುದು ವ್ಯವಸ್ಥೆಗೆ ಸದಾ ಗೊತ್ತಿರಬೇಕು. ಇದನ್ನು ಟ್ರ್ಯಾಕಿಂಗ್ ಎನ್ನುತ್ತೇವೆ. ಅದು ತಪ್ಪಿದರೆ ಶಂಕೆಯ ಬ್ಯಾಗು ಯಾವುದು, ಒಳ್ಳೆಯ ಬ್ಯಾಗು ಯಾವುದು ಎಂದು ಹೇಳುವವರೇ ಇರುವುದಿಲ್ಲ.

ನಮ್ಮ ಮೊದಲ ಕೆಲಸ ಯಂತ್ರ ಆರಿಸುವುದಾಗಿರಲಿಲ್ಲ. ಕಾಮಗಾರಿಯನ್ನು ಎಷ್ಟು ಭಾಗ ಮಾಡಿ, ಯಾವ ಹಂತದಲ್ಲಿ, ಎಂಥವರಿಗೆ ವಹಿಸಬೇಕು ಎಂದು ಹೇಳಬೇಕಿತ್ತು. ನಮ್ಮ ಭಾಷೆಯಲ್ಲಿ ಇದಕ್ಕೆ ಪ್ರಾಜೆಕ್ಟ್ ಡೆಲಿವರಿ ಮೆಥಡ್ ಎಂದು ಹೆಸರು. ಮುಖ್ಯವಾಗಿ ಮೂರು ದಾರಿಗಳಿದ್ದವು. ಮೊದಲನೆಯದು ಡಿಸೈನ್-ಬಿಡ್-ಬಿಲ್ಡ್: ನಕ್ಷೆಯನ್ನು ಪೂರ್ತಿ ಮಾಡಿಕೊಂಡು, ಕನ್ವೇಯರ್, ಸ್ಕ್ಯಾನರ್, ಕಂಟ್ರೋಲ್ ಸಾಫ್ಟ್‌ವೇರ್, ಸಿವಿಲ್ ಕೆಲಸ ಎಲ್ಲಕ್ಕೂ ಬೇರೆ ಬೇರೆ ಟೆಂಡರ್ ಕರೆಯುವುದು. ಇನ್ನೊಂದು ಡಿಸೈನ್-ಬಿಲ್ಡ್: ನಕ್ಷೆಯಿಂದ ಹಿಡಿದು ಚಾಲನೆಯವರೆಗೆ ಎಲ್ಲವನ್ನೂ ಒಂದೇ ಸಂಸ್ಥೆಗೆ ಕೊಡುವುದು, ಏನೇ ಕೆಟ್ಟರೂ ಜವಾಬ್ದಾರಿ ಅವರದೇ. ಇವೆರಡರ ನಡುವೆ ಒಂದು ದಾರಿ ಇದೆ. ನಕ್ಷೆ ಮಾಡುವಾಗಲೇ ಒಬ್ಬ ನಿರ್ವಾಹಕ ಗುತ್ತಿಗೆದಾರರನ್ನು ಜೊತೆಗೆ ಕೂರಿಸಿಕೊಂಡು, ಕೆಲಸವನ್ನು ಅವರ ಮೇಲ್ವಿಚಾರಣೆಯಲ್ಲಿ ತುಂಡುತುಂಡಾಗಿ ಹಂಚುವುದು. ಇದಕ್ಕೆ ಸಮಯವೂ ಬೇಕು, ವಿಮಾನ ನಿಲ್ದಾಣದ ಕಡೆಯಿಂದ ಗಟ್ಟಿ ತಂಡವೂ ಬೇಕು.

ಹಳೆಯ ವ್ಯವಸ್ಥೆಯ ಕಡತಗಳನ್ನು ತರಿಸಿಕೊಂಡು ಓದುತ್ತಿದ್ದಾಗ ಕನ್ವೇಯರ್ ದುರಸ್ತಿ ಮಾಡುತ್ತಿದ್ದವರ ಹೆಸರು ಕಂಡಿತು. ಅದು ನನ್ನ ಭಾವ ರುದ್ರೇಶ್ ಅವರ ವರ್ಕ್‌ಶಾಪ್. ಅವರು ಯಾವುದೋ ಏರ್‌ಪೋರ್ಟಿಗೆ ರೋಲರ್ ಮಾಡಿಕೊಡುತ್ತಾರೆ ಎಂದು ಗೊತ್ತಿತ್ತು. ಅದು ಇದೇ ಎಂದು ಗೊತ್ತಿರಲಿಲ್ಲ.

ಭಾವ ಎಂದರೆ ನನಗೆ ಅಕ್ಕನ ಗಂಡ ಮಾತ್ರವಲ್ಲ. ಚಿತ್ರದುರ್ಗದಲ್ಲಿ ಅಪ್ಪನ ಹಿಂದೆಯೇ ಅಮ್ಮನೂ ತೀರಿಕೊಂಡಾಗ ನಾನಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆ. ಮದುವೆಯಾಗಿ ಕುರುಬರಹಳ್ಳಿಗೆ ಬಂದ ಗಿರಿಜಕ್ಕ ತನ್ನ ಟ್ರಂಕಿನ ಜೊತೆ ನನ್ನನ್ನೂ ಕರೆತಂದಳು. ಹೊಸ ಹೆಂಡತಿಯ ಜೊತೆ ಅವಳ ತಂಗಿಯೂ ಬಂದಿಳಿದರೆ ಬೇರೆಯವರು ಏನನ್ನುತ್ತಿದ್ದರೋ. ಭಾವ ಮರುದಿನವೇ ನನ್ನನ್ನು ಶಾಲೆಗೆ ಸೇರಿಸಿ, ಅಪ್ಪನ ಜಾಗದಲ್ಲಿ ತಾವೇ ಸಹಿ ಹಾಕಿದರು. ಕಾಮಾಕ್ಷಿಪಾಳ್ಯದ ಅವರ ಶೆಡ್ಡಿನಲ್ಲಿ ಲೇತ್ ಯಂತ್ರದ ಸದ್ದಿನ ನಡುವೆ ಕೂತು ಹೋಮ್‌ವರ್ಕ್ ಮಾಡಿದವಳು ನಾನು. ಎಂಜಿನಿಯರಿಂಗ್ ಓದುತ್ತೇನೆ ಎಂದಾಗ ನೆಂಟರು ಮೂಗು ಮುರಿದರು. ಭಾವ ಮಾತ್ರ ವರ್ಕ್‌ಶಾಪಿನವರಿಗೆಲ್ಲ ಮೈಸೂರ್ ಪಾಕ್ ಹಂಚಿದರು.

ನಾನು ಆ ಕಡತ ಮುಚ್ಚಿ ನೇರವಾಗಿ ನಮ್ಮ ಮುಖ್ಯಸ್ಥರಾದ ಮೂರ್ತಿಯವರ ಕೋಣೆಗೆ ಹೋದೆ. ಇರುವ ಸಂಬಂಧ ಹೇಳಿ, ನನ್ನನ್ನು ಈ ಕೆಲಸದಿಂದ ಬಿಡಿಸಿ ಎಂದೆ.

ಮೂರ್ತಿಯವರು ಕನ್ನಡಕ ತೆಗೆದಿಟ್ಟರು. "ಇದನ್ನ ಬರೆದು ಕೊಡಿ, ನಾನು ಅವ್ರಿಗೂ ಕಳಿಸ್ತೀನಿ. ಟೆಂಡರ್ ಶುರುವಾದ್ಮೇಲೆ, ಅದು ಮುಗಿಯೋವರ್ಗೂ ನೀವು ಹತ್ರಾನೂ ಬರ್ಬೇಡಿ. ಆದ್ರೆ ಯಾವ ಮೆಥಡ್ ಅನ್ನೋದನ್ನ ನೀವಲ್ದೆ ಇಲ್ಲಿ ಯಾರಮ್ಮ ಹೇಳ್ತಾರೆ? ಬ್ಯಾಗೇಜ್ ಗೊತ್ತಿರೋರು ನಮ್ಮಲ್ಲಿ ಇನ್ಯಾರಿದಾರೆ?"

ವಿಮಾನ ನಿಲ್ದಾಣದವರೂ ನನ್ನ ಪತ್ರ ಓದಿ, ಸಲಹೆಯ ಹಂತಕ್ಕೆ ನಾನೇ ಇರಲಿ ಎಂದರು. ಆ ದಿನ ಅವರು ಬೇಡ ಎಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕೆಲಸವನ್ನು ಭಾಗ ಮಾಡಿ ಕರೆದರೆ ಕನ್ವೇಯರ್ ಭಾಗಕ್ಕೆ ಭಾವ ಸ್ಪರ್ಧಿಸಬಹುದಿತ್ತು. ಒಂದೇ ಗುತ್ತಿಗೆಯಾದರೆ ಅರ್ಜಿ ಹಾಕುವ ಅರ್ಹತೆಯೂ ಅವರಿಗಿರುತ್ತಿರಲಿಲ್ಲ. ಯಾವ ದಾರಿ ಹಿಡಿದರೂ ಹಳೆಯ ವ್ಯವಸ್ಥೆಯ ದುರಸ್ತಿಯಂತೂ ನಿಂತುಹೋಗುತ್ತಿತ್ತು. ಲಾಕ್‌ಡೌನ್ ನಂತರ ಅವರ ಶೆಡ್ ಉಸಿರಾಡುತ್ತಿದ್ದದ್ದೇ ಆ ದುರಸ್ತಿ ಕೆಲಸದಿಂದ.

ನಾನು ನಡುವಿನ ದಾರಿಯನ್ನು ಮನಸ್ಸಿಟ್ಟು ಹುಡುಕಿದೆ. ಅದು ನನ್ನ ಮಟ್ಟಿಗೆ ಎಲ್ಲರಿಗೂ ಒಳ್ಳೆಯದಾಗಬಹುದಾದ ದಾರಿ. ವಿಮಾನ ನಿಲ್ದಾಣದ ಮುಖ್ಯ ಎಂಜಿನಿಯರರನ್ನು ಕೇಳಿದೆ: "ಸಾರ್, ಬೇರೆ ಬೇರೆ ಗುತ್ತಿಗೆದಾರರನ್ನ ಸಂಭಾಳಿಸೋಕೆ ನಿಮ್ಮ ಕಡೆ ಎಷ್ಟು ಜನ ಇದಾರೆ?"

ಅವರು ನಕ್ಕುಬಿಟ್ಟರು. "ನಾನು, ಇನ್ನಿಬ್ರು. ಅದ್ರಲ್ಲೊಬ್ರು ರಿಟೈರ್ ಆಗೋ ಹೊತ್ತಾಯ್ತು. ಹೊಸಬ್ರನ್ನ ಕೊಡಿ ಅಂತ ಕೇಳಿ ಕೇಳಿ ಸಾಕಾಗಿದೆ ಮೇಡಂ."

ಟರ್ಮಿನಲ್ ಒಂದು ದಿನವೂ ಮುಚ್ಚುವಂತಿರಲಿಲ್ಲ. ಹಳೆಯ ಬೆಲ್ಟ್ ಓಡುತ್ತಿರುವಾಗಲೇ ಅದರ ಪಕ್ಕದಲ್ಲಿ ಹೊಸದನ್ನು ಕಟ್ಟಿ, ಸ್ವಲ್ಪ ಸ್ವಲ್ಪವಾಗಿ ಬದಲಾಯಿಸಬೇಕು. ಹಿಂದೆ ಬೇರೊಂದು ಕಡೆ ಬಿಡಿ ಗುತ್ತಿಗೆಗಳಲ್ಲಿ ಇದೇ ಕೆಲಸ ನಡೆದಾಗ ನಾನು ಕಂಡದ್ದು ನೆನಪಿತ್ತು. ಟ್ರ್ಯಾಕಿಂಗ್ ತಪ್ಪಿದಾಗ ಕನ್ವೇಯರಿನವರು ಸಾಫ್ಟ್‌ವೇರ್ ಕಡೆ ಬೆರಳು ತೋರಿಸಿದರು, ಸಾಫ್ಟ್‌ವೇರಿನವರು ಸ್ಕ್ಯಾನರ್ ಕಡೆ. ಮೂವರೂ ಕೈ ಕಟ್ಟಿ ನಿಂತಿದ್ದರು, ಬ್ಯಾಗುಗಳು ಗುಡ್ಡೆ ಬಿದ್ದಿದ್ದವು. ಮೂರೇ ಜನರ ತಂಡಕ್ಕೆ ಅಂಥ ಜಗಳ ಬಿಡಿಸಲು ಆಗುವುದಿಲ್ಲ. ಇದು ತಪಾಸಣೆಯ ವ್ಯವಸ್ಥೆ. ಜಗಳದ ನಡುವೆ ಒಂದು ಶಂಕೆಯ ಬ್ಯಾಗು ವಿಮಾನ ಹತ್ತಿದರೆ ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ.

ಉತ್ತರ ಕಾಗದದ ಮೇಲೆ ಬರುವ ಮೊದಲೇ ನನ್ನ ಮನಸ್ಸಿಗೆ ಬಂದಿತ್ತು.

ಆ ಭಾನುವಾರ ಎಂದಿನಂತೆ ಅಕ್ಕನ ಮನೆಗೆ ಹೋದೆ. ಅಕ್ಕಿರೊಟ್ಟಿ ತಟ್ಟುತ್ತಿದ್ದ ಅಕ್ಕ, ಒಲೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು: "ಸುಮಿ, ಏರ್‌ಪೋರ್ಟ್ ಕೆಲಸದ್ದು ನಿಮ್ಮಾಫೀಸಿಗೇ ಬಂದಿದೆಯಂತೆ ಕಣೇ? ಅಲ್ಲಿಯವ್ರು ನಿಮ್ಮ ಭಾವಂಗೆ ಹೇಳಿದ್ರು."

ನಾನು ತಟ್ಟೆ ತೊಳೆದು ತಂದೆ. ಅಕ್ಕ ಮುಂದುವರಿಸಿದಳು:

"ನೀನೇನೂ ಸುಳ್ಳು ಬರೀಬೇಡ. ಭಾಗ ಮಾಡಿ ಕೊಡೋದೂ ಒಂದು ಪದ್ಧತೀನೇ ಅಂತೆ ತಾನೇ? ಹಂಗೆ ಬರೆದ್ರೆ ಏನಾಗುತ್ತೆ? ಟೆಂಡರ್ ಬರ್ಲಿ, ಎಲ್ಲರ ಥರ ಇವ್ರೂ ಹಾಕ್ಲಿ. ಸಿಕ್ಕಿದ್ರೆ ಸಿಗ್ಲಿ, ಇಲ್ದಿದ್ರೆ ಇಲ್ಲ. ಬಾಗಿಲು ಒಂಚೂರು ತೆಗೆದಿಡು ಅಂತಿದೀನಿ, ಅಷ್ಟೇ."

ನಡುಮನೆಯಲ್ಲಿದ್ದ ಭಾವ ಅಡುಗೆಮನೆಯ ಬಾಗಿಲಿಗೆ ಬಂದರು. "ಅವಳನ್ನ ಕೇಳ್ಬೇಡ ಗಿರಿಜಾ. ಅವಳಿಗೂ ಕಷ್ಟ ಆಗುತ್ತೆ."

"ನನ್ ತಂಗೀನ ನಾನು ಕೇಳ್ದೆ ಇನ್ಯಾರನ್ನ ಕೇಳ್ಲಿ?" ಎಂದಳು ಅಕ್ಕ.

"ಇದನ್ನ ನಾನು ಮಾತಾಡೋ ಹಾಗಿಲ್ಲ ಅಕ್ಕ," ಎಂದೆ. ನನ್ನ ದನಿ ನನಗೇ ಆಫೀಸಿನ ದನಿಯಂತೆ ಕೇಳಿಸಿತು. ಅಕ್ಕ ರೊಟ್ಟಿಯನ್ನು ತಟ್ಟೆಗೆ ಹಾಕಿಕೊಟ್ಟಳು. ಮತ್ತೆ ಆ ಮಾತೆತ್ತಲಿಲ್ಲ. ನಾನು ತಿಂದು ಎದ್ದು ಬಂದೆ. ಸ್ಕೂಟರ್ ತೆಗೆಯುವಾಗ ಭಾವ ಗೇಟಿನವರೆಗೆ ಬಂದು, "ನಿಂಗೆ ಸರಿ ಅನ್ಸಿದ್ದು ಮಾಡಮ್ಮ. ಅವಳು ಹಂಗೇ, ಎರಡು ದಿನಕ್ಕೆ ಸರಿಹೋಗ್ತಾಳೆ," ಎಂದರು.

ವರದಿಯಲ್ಲಿ ಡಿಸೈನ್-ಬಿಲ್ಡ್ ಎಂದು ಬರೆದೆ. ಕಾರಣಗಳನ್ನು ಒಂದೊಂದಾಗಿ ವಿವರಿಸಿದೆ. ಅದನ್ನು ಮೂರ್ತಿಯವರು ಹೊರಗಿನ ಇನ್ನೊಬ್ಬ ತಜ್ಞರಿಗೆ ಕಳಿಸಿ ಪರಿಶೀಲನೆ ಮಾಡಿಸಿದರು. ಅವರೂ ಅದೇ ಹೇಳಿದರು. ಸ್ಥಳೀಯ ಸಣ್ಣ ಕೈಗಾರಿಕೆಗಳಿಗೆ ಒಂದಿಷ್ಟು ಉಪಗುತ್ತಿಗೆ ಸಿಗಬೇಕು ಎಂದು ಒಂದು ಷರತ್ತನ್ನೂ ಸೂಚಿಸಿದ್ದೆ. ಅಂಥ ಷರತ್ತನ್ನು ನಾನು ಅದಕ್ಕೂ ಮೊದಲಿನ ಯೋಜನೆಗಳಲ್ಲೂ ಬರೆದಿದ್ದೆ. ಹಾಗಾಗಿ ಅದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಟೆಂಡರ್ ಶುರುವಾದ ದಿನದಿಂದ ಗುತ್ತಿಗೆ ತೀರ್ಮಾನವಾಗುವವರೆಗೆ ಆ ಕಡತವನ್ನು ನಾನು ಮುಟ್ಟಲಿಲ್ಲ.

ಗೆದ್ದ ಕಂಪನಿ ಷರತ್ತನ್ನು ಪಾಲಿಸಿತು. ಬಣ್ಣ ಬಳಿಯುವುದು, ಕೇಬಲ್ ಹಾಸುವುದು, ಇಂಥವನ್ನು ಸ್ಥಳೀಯರಿಗೆ ಕೊಟ್ಟಿತು. ಕನ್ವೇಯರ್‌ಗಳನ್ನು ತಮ್ಮದೇ ಕಾರ್ಖಾನೆಯಿಂದ ತಂದರು. ಭಾವ ಆ ಕಂಪನಿಯ ಕಚೇರಿಗೂ ಹೋಗಿ ಬಂದರಂತೆ. ಅವರು ಕೇಳಿದ ಗುಣಮಟ್ಟದ ಸರ್ಟಿಫಿಕೇಟುಗಳನ್ನು ಮಾಡಿಸುವಷ್ಟು ಸಮಯ ಇರಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಅಕ್ಕನ ಮಗಳು ಚೈತ್ರ. ಅಷ್ಟರಲ್ಲಿ ಅಕ್ಕ ನನ್ನ ಫೋನ್ ತೆಗೆಯುವುದನ್ನು ಬಿಟ್ಟಿದ್ದಳು. ನಾನೊಂದು ಮಾತು ಹೇಳಿದ್ದರೆ ಆ ಕಂಪನಿಯವರು ಭಾವನನ್ನು ಕರೆಯುತ್ತಿದ್ದರು. ಅದಕ್ಕೇ ಹೇಳಲಿಲ್ಲ. ಫೋನ್ ಕೈಯಲ್ಲಿ ಹಿಡಿದು ಕೂತ ಸಂಜೆಗಳಿದ್ದವು.

ವರ್ಕ್‌ಶಾಪ್ ಮುಚ್ಚುತ್ತಿದ್ದಾರೆ ಎಂದು ಚೈತ್ರ ತಿಳಿಸಿದ ದಿನ ರಜೆ ಹಾಕಿ ಕಾಮಾಕ್ಷಿಪಾಳ್ಯಕ್ಕೆ ಹೋದೆ. ಯಂತ್ರಗಳನ್ನು ಕೊಂಡವರು ಕ್ರೇನ್ ತಂದಿದ್ದರು. ಗಲ್ಲಿಯಲ್ಲಿ ಲಾರಿ ಅಡ್ಡ ನಿಂತು ಟ್ರಾಫಿಕ್ ಕಟ್ಟಿತ್ತು, ಹಿಂದಿನ ಆಟೊದವರು ಹಾರ್ನ್ ಬಾರಿಸುತ್ತಿದ್ದರು. ಹಳೆಯ ಕೆಲಸಗಾರರು ಕೆಲವರು ಬಂದು ನೋಡುತ್ತ ನಿಂತಿದ್ದರು. ದೊಡ್ಡ ಲೇತ್ ಮೇಲೆದ್ದಾಗ ನೆಲದ ಮೇಲೆ ಅದರ ಆಕಾರದಲ್ಲೇ ಎಣ್ಣೆಯ ಕಲೆ ಉಳಿದಿತ್ತು.

ಭಾವ ನನ್ನನ್ನು ನೋಡಿ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿ ಎಂದೂ ಬಯಸಿದೆ.

"ಅಲ್ಲಿ ಕೆಲಸ ಚೆನ್ನಾಗಿ ನಡೀತಾ ಇದೆಯಾ?" ಎಂದು ಕೇಳಿದರು.

"ಹೂಂ ಭಾವ."

"ಆ ಮೂರನೇ ಬೆಲ್ಟ್ ತಿರುಗೋ ಹತ್ರ ಪಿಲ್ಲರ್ ಅಡ್ಡ ಬರುತ್ತೆ, ಜಾಗ ಸಾಲಲ್ಲ. ಹೊಸಬ್ರು ಅದನ್ನ ನೋಡ್ಕೊಂಡ್ರಾ?"

"ನೋಡ್ಕೊಂಡಿದಾರೆ. ನಕ್ಷೇಲಿ ನೋಡ್ದೆ, ಬೇರೆ ಕಡೆಯಿಂದ ತಿರುಗಿಸಿದಾರೆ."

"ಹಂಗಾದ್ರೆ ಸರಿ," ಎಂದು ತಲೆಯಾಡಿಸಿ, ಲಾರಿಯವರಿಗೆ ಹಗ್ಗ ಬಿಗಿಯಲು ಹೇಳಲು ಹೋದರು. ನಾನು ಎದುರಿನ ಟೀ ಅಂಗಡಿಯ ಪಕ್ಕ ನಿಂತು ಅತ್ತೆ. ಟೀ ಅಂಗಡಿಯ ಹೆಂಗಸು ಏನೂ ಕೇಳದೆ ಒಂದು ಸ್ಟೂಲ್ ತಂದಿಟ್ಟಳು.

ಹೊಸ ವ್ಯವಸ್ಥೆಯ ಪರೀಕ್ಷೆಗೆ ಮಾತ್ರ ನಾನು ಮತ್ತೆ ಹೋದೆ. ವಿಮಾನಗಳು ಕಡಿಮೆ ಇರುವ ಮಧ್ಯಾಹ್ನದ ಹೊತ್ತಿನಲ್ಲಿ ಖಾಲಿ ಸೂಟ್‌ಕೇಸುಗಳನ್ನು ಬಿಟ್ಟು ನೋಡುತ್ತಿದ್ದೆವು. ಒಂದು ತಿರುವಿನಲ್ಲಿ ಟ್ರ್ಯಾಕಿಂಗ್ ತಪ್ಪತೊಡಗಿತು. ಶಂಕೆಯ ಬ್ಯಾಗು ಎಂದು ಗುರುತು ಹಾಕಿದ್ದೊಂದು ಒಳ್ಳೆಯ ಬ್ಯಾಗುಗಳ ಸಾಲಿಗೆ ಹೋಯಿತು. ಆದರೆ ಅಲ್ಲಿ ಬೆರಳು ತೋರಿಸಲು ಯಾರಿಗೂ ಯಾರೂ ಇರಲಿಲ್ಲ. ಅದೇ ಕಂಪನಿಯ ಕನ್ವೇಯರ್ ಎಂಜಿನಿಯರೂ ಸಾಫ್ಟ್‌ವೇರ್ ಎಂಜಿನಿಯರೂ ಒಂದೇ ಲ್ಯಾಪ್‌ಟಾಪಿನ ಮುಂದೆ ಮಂಡಿಯೂರಿ ಕೂತು, ಸೆನ್ಸರ್ ಜಾಗ ಬದಲಿಸಿ, ಬೆಲ್ಟಿನ ವೇಗ ಹೊಂದಿಸಿದರು. ಸಂಜೆಯ ವಿಮಾನಗಳ ಹೊತ್ತಿಗೆ ಎಲ್ಲ ಸರಿಯಾಗಿತ್ತು. ಮುಖ್ಯ ಎಂಜಿನಿಯರ್ ಬಂದು ಕೈ ಕುಲುಕಿದರು. "ನೀವು ಹೇಳಿದ್ದೇ ಸರಿ ಮೇಡಂ. ಬಿಡಿ ಬಿಡಿಯಾಗಿ ಕೊಟ್ಟಿದ್ರೆ ಇವತ್ತು ನಮ್ ಕಥೆ ಮುಗೀತಿತ್ತು."

ವೃತ್ತಿಯಲ್ಲಿ ನಾನು ಕೇಳಿದ ದೊಡ್ಡ ಮೆಚ್ಚುಗೆ ಅದು. ಅದನ್ನು ಹೇಳಿಕೊಳ್ಳಬೇಕೆಂದು ಮೊದಲು ನೆನಪಾದವರು ಭಾವ. ಅವರಿಗೆ ಹೇಗೆ ಹೇಳಲಿ?

ಭಾವ ಈಗ ಪರಿಚಯದವರೊಬ್ಬರ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಡಬ್ಬಿ ಹಿಡಿದು ಬಸ್ ಕಾಯುತ್ತಾರೆ. ಅಕ್ಕ ಎರಡು ದಿನಕ್ಕೆ ಸರಿಹೋಗಲಿಲ್ಲ.

ಕಳೆದ ವರ್ಷ ಬಸವೇಶ್ವರನಗರದ ಒಂದು ಕಲ್ಯಾಣ ಮಂಟಪದಲ್ಲಿ ಚೈತ್ರಳ ಮದುವೆ. ಕರೆಯಲು ಚೈತ್ರಳೇ ಬಂದಿದ್ದಳು. ನಾನು ಬೇಗ ಹೋದೆ. ಸೀರೆ ಉಡಿಸುವುದೋ, ಹೂ ಜೋಡಿಸುವುದೋ, ಚಿಕ್ಕಮ್ಮನಿಗೆ ಏನಾದರೂ ಕೆಲಸ ಇರುತ್ತದಲ್ಲ. ಬಾಗಿಲಲ್ಲಿ ಅಕ್ಕ ಪನ್ನೀರು ಹಿಡಿದು ನಿಂತಿದ್ದಳು. ನನ್ನನ್ನು ನೋಡಿ ಕೈ ಮುಗಿದಳು.

"ಬನ್ನಿ. ಮುಂದುಗಡೆ ಕೂತ್ಕೊಳ್ಳಿ. ಊಟ ಮಾಡ್ಕೊಂಡೇ ಹೋಗ್ಬೇಕು," ಎಂದಳು.

ಹುಟ್ಟಿದಾಗಿನಿಂದ ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. "ಅಕ್ಕ, ನಾನು ಕಣೇ," ಎಂದೆ. ಅಷ್ಟರಲ್ಲಿ ನನ್ನ ಹಿಂದಿದ್ದವರನ್ನೂ ಅವಳು ಅದೇ ದನಿಯಲ್ಲಿ ಸ್ವಾಗತಿಸುತ್ತಿದ್ದಳು. ಮುಂದಿನ ಸಾಲಿನಲ್ಲಿ ಬೀಗರ ಕಡೆಯವರ ಜೊತೆ ಕೂತೆ. ಮನೆಯವರೆಲ್ಲ ಫೋಟೊಗೆ ಬನ್ನಿ ಎಂದಾಗ ಏಳಬೇಕೋ ಬೇಡವೋ ತಿಳಿಯಲಿಲ್ಲ. ಭಾವ ಮಂಟಪದಿಂದಲೇ ಕೈ ಬೀಸಿ, "ಬಾಮ್ಮ, ಅಲ್ಯಾಕ್ ಕೂತಿದೀಯ," ಎಂದರು. ಹೋಗಿ ಅವರ ಪಕ್ಕ ನಿಂತೆ. ಅಕ್ಕ ಇನ್ನೊಂದು ತುದಿಗೆ ಸರಿದಳು.

ಈಗ ಕೆಲಸ ಬಿಟ್ಟಿದ್ದೇನೆ. ಆಗಾಗ ಕಿರಿಯ ಎಂಜಿನಿಯರುಗಳಿಗೆ ಪಾಠ ಮಾಡಲು ಕರೆಯುತ್ತಾರೆ. ಯಾವ ವಿಧಾನ ಯಾವಾಗ ಸೂಕ್ತ ಎಂದು ಹೇಳಿಕೊಡುತ್ತೇನೆ. ಓಡುವ ಟರ್ಮಿನಲ್, ಸಣ್ಣ ತಂಡ, ಸುರಕ್ಷತೆಯ ಪ್ರಶ್ನೆ ಇದ್ದರೆ ಒಂದೇ ಕೈಗೆ ಕೊಡಿ ಎಂದು ಇವತ್ತೂ ಹೇಳುತ್ತೇನೆ. ಆಮೇಲೆ ಒಂದು ಮಾತು ಸೇರಿಸುತ್ತೇನೆ: ಕೊಡುವ ಮೊದಲು, ಈ ಕೆಲಸವನ್ನೇ ನಂಬಿಕೊಂಡ ಸಣ್ಣ ಶೆಡ್‌ಗಳು ಎಲ್ಲೆಲ್ಲಿವೆ ನೋಡಿ, ಸರ್ಟಿಫಿಕೇಟ್ ಮಾಡಿಸಿಕೊಳ್ಳಲು, ಬೇರೆ ದಾರಿ ಹುಡುಕಲು ಅವರಿಗೆ ಸಮಯ ಸಿಗುವ ಹಾಗೆ ಬಹಿರಂಗವಾಗಿ, ಬೇಗ ತಿಳಿಸಿ. ಹುಡುಗರು ಬರೆದುಕೊಳ್ಳುತ್ತಾರೆ.

ನಿರ್ಧಾರ ಸರಿಯಾಗಿದ್ದರೆ ಮನಸ್ಸು ಹಗುರಾಗಿರುತ್ತದೆ ಎಂದು ನಂಬಿ ಈ ವೃತ್ತಿಗೆ ಬಂದವಳು ನಾನು. ನನ್ನ ನಿರ್ಧಾರ ಸರಿಯಾಗಿತ್ತು, ಇವತ್ತು ಕೇಳಿದರೂ ಅದನ್ನೇ ಬರೆಯುತ್ತೇನೆ. ಆದರೆ ಸರಿಯಾಗಿದ್ದುದಕ್ಕೆ ಅಕ್ಕನನ್ನು ಕಳೆದುಕೊಂಡೆ. ತಪ್ಪಾಗಿದ್ದಿದ್ದರೆ ಹೋಗಿ ಅವಳ ಕಾಲು ಹಿಡಿದು ಕ್ಷಮೆಯನ್ನಾದರೂ ಕೇಳುತ್ತಿದ್ದೆ.