ಬಾಯಲ್ಲಿ ಒಂದೆಳೆ ದಾರ

ಅಗ್ರಫೇನಾ ತಿಖೊನೊವ್ನಾಳ ಹೊಲಿಗೆಯ ಬಗ್ಗೆ ಯಾರೂ ಚಕಾರ ಎತ್ತುವಂತಿರಲಿಲ್ಲ. ಮಾಸ್ಕೋದಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ಆ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಸೂಜಿ ಹಿಡಿದವಳು. ಯುದ್ಧದ ಕಾಲಕ್ಕೆ ಪ್ಯಾರಾಚೂಟು ಹೊಲಿದಳು, ಆಮೇಲೆ ವಿಮಾನ ಹಾರಿಸುವವರ ಉಡುಪು, ಈಗ ಹೆಸರೆತ್ತಬಾರದ ಒಂದು ಕಿತ್ತಳೆ ಬಣ್ಣದ ಉಡುಪು. ಅದನ್ನು ತೊಟ್ಟು ಯಾರು ಎಲ್ಲಿಗೆ ಹೋಗುತ್ತಾರೆಂದು ಯಾರೂ ಬಾಯಿಬಿಟ್ಟಿರಲಿಲ್ಲ. ಬಿಡದಿದ್ದರೇನು, ಗಾಳಿ ಒಂದಿಷ್ಟೂ ಸೋರಬಾರದ ಬಟ್ಟೆಯನ್ನು ಆಲೂಗಡ್ಡೆ ಅಗೆಯಲು ಯಾರೂ ಹಾಕಿಕೊಳ್ಳುವುದಿಲ್ಲ ಎಂಬಷ್ಟು ಅವಳಿಗೆ ತಿಳಿಯುತ್ತಿತ್ತು.

ಹೊಲಿಗೆ ಕೋಣೆಯ ಹುಡುಗಿಯರಿಗೆ ಅವಳು ಗ್ರೂಷಾ ಚಿಕ್ಕಮ್ಮ. ಬೈಯುವುದರಲ್ಲಿ ಎತ್ತಿದ ಕೈ. ಹೊಲಿಗೆ ವಕ್ರವಾದರೆ ಬೆರಳ ಗಂಟಿನ ಮೇಲೆ ಅಳತೆಪಟ್ಟಿಯಿಂದ ಒಂದು ಬಿಡುತ್ತಿದ್ದಳು, ಮಧ್ಯಾಹ್ನ ಅದೇ ಹುಡುಗಿಗೆ ತನ್ನ ಡಬ್ಬಿಯ ಎಲೆಕೋಸಿನ ಕಡುಬನ್ನು ಒತ್ತಾಯ ಮಾಡಿ ತಿನ್ನಿಸುತ್ತಿದ್ದಳು. ಅವಳ ಬೈಗುಳ ತಿನ್ನದ ದಿನ ಹುಡುಗಿಯರಿಗೆ ಏನೋ ಕಳೆದುಕೊಂಡಂತಾಗುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ಅವಳು ಹಟಮಾರಿ. ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಬಾರದು. ಹಾಕಿದರೆ ಬಟ್ಟೆಯ ಜೊತೆ ತೊಟ್ಟವನ ನೆನಪೂ ಹೊಲಿದುಹೋಗುತ್ತದೆ. ಹಾಕಲೇಬೇಕಾಗಿ ಬಂದರೆ ಅವನು ಬಾಯಲ್ಲಿ ಒಂದೆಳೆ ದಾರ ಕಚ್ಚಿಕೊಂಡಿರಬೇಕು. ಇದು ಆ ಕಡೆಯ ಹಳ್ಳಿಗಳಲ್ಲಿ ಮಕ್ಕಳಿಗೂ ಗೊತ್ತು, ಮಗ್ಗುಲಲ್ಲೇ ಕೂರುವ ರಿಮ್ಮಾಳಂಥ ಓದಿದ ಹುಡುಗಿ ಕೂಡ ನಗುತ್ತ ನಗುತ್ತಲೇ ದಾರ ಕಚ್ಚುತ್ತಿದ್ದಳು. ಆದರೆ ಗ್ರೂಷಾಳಿಗೆ ಅದು ನಗುವ ಮಾತಲ್ಲ. ನಲವತ್ತೆರಡನೇ ಇಸವಿಯಲ್ಲಿ ಗಂಡ ಮಿತ್ರೋಫಾನ್ ಯುದ್ಧಕ್ಕೆ ಹೊರಟಾಗ ಸ್ಟೇಷನ್ನಿನಲ್ಲಿ ಅವನ ಕೋಟಿನ ಗುಂಡಿಯೊಂದು ಜೋತಾಡುತ್ತಿತ್ತು. ರೈಲು ಕೂಗಿತ್ತು. ಅವಸರದಲ್ಲಿ ಹಾಗೇ ನಿಂತು ಹೊಲಿದಳು, ಬಾಯಿಗೆ ದಾರ ಕೊಡಲು ಮರೆತಳು. ಅವನು ಸತ್ತನೆಂಬ ಕಾಗದ ಬರಲಿಲ್ಲ, ಕಾಣೆಯಾಗಿದ್ದಾನೆ ಎಂದಷ್ಟೇ ಬಂತು. ಕಾಣೆಯಾಗುವುದೆಂದರೇನು ಎಂದು ಅವಳು ಯಾರನ್ನೂ ಕೇಳಲಿಲ್ಲ. ಎಲ್ಲೋ ಇದ್ದಾನೆ, ಮನೆಯ ದಾರಿ ಮರೆತಿದ್ದಾನೆ, ಮರೆಸಿದವಳು ನಾನೇ ಎಂದು ತೀರ್ಮಾನಿಸಿ ಹತ್ತೊಂಬತ್ತು ವರ್ಷ ಆ ತಪ್ಪನ್ನು ಹೊತ್ತುಕೊಂಡೇ ಬದುಕಿದಳು.

ಅರವತ್ತೊಂದರ ಮಾರ್ಚ್ ಕೊನೆಗೆ ಕಡೆಯ ಸಲ ಅಳತೆ ನೋಡಲು ಒಬ್ಬ ಯುವಕನಿಗೆ ಉಡುಪು ತೊಡಿಸಿದ್ದರು. ಹೆಲ್ಮೆಟ್ಟಿನ ಗಾಜು ಮುಚ್ಚಿತ್ತು. ಆಗ ಭುಜದ ಪಟ್ಟಿಯ ಹತ್ತಿರ ನಾಲ್ಕು ಹೊಲಿಗೆ ಬಿಟ್ಟಿರುವುದು ಕಂಡಿತು. ಬಿಚ್ಚಿ ಮತ್ತೆ ತೊಡಿಸಲು ಅರ್ಧ ದಿನ ಬೇಕು, ಹೊರಗೆ ಕಾರು ಕಾಯುತ್ತಿತ್ತು. ಹಾಗೇ ಹೊಲಿಯಿರಿ ಎಂದರು ಎಂಜಿನಿಯರ್ ಗ್ಲೆಬ್ ರೊಮಾನೊವಿಚ್. ಗ್ರೂಷಾ ದಾರದ ಎಳೆಯೊಂದನ್ನು ಹಿಡಿದು, ಗಾಜು ಒಂದು ಗಳಿಗೆ ಎತ್ತಿ ಎಂದು ಕೇಳಿದಳು. ಯಾಕೆಂದು ಗೊತ್ತಾದ ಮೇಲೆ ಅವರ ಮುಖ ಕೆಂಪಾಯಿತು. ನಾಲ್ಕು ಜನ ಅಧಿಕಾರಿಗಳೆದುರು ಇಂಥ ಮಾತಾಡುತ್ತೀರಲ್ಲ, ಸುಮ್ಮನೆ ಹೊಲಿಯಿರಿ ಎಂದು ಗದರಿದರು. ಅವಳು ಹೊಲಿದಳು. ಅವನ ಬಾಯಿಗೆ ಕೊಡಲಾಗದ ಎಳೆಯನ್ನು ತನ್ನ ಜೇಬಿಗೆ ಹಾಕಿಕೊಂಡಳು.

ಮರುದಿನ ಎಂಜಿನಿಯರರ ಬಾಗಿಲಿಗೆ ಹೋಗಿ ನಿಂತಳು.

“ಗ್ಲೆಬ್ ರೊಮಾನೊವಿಚ್, ಆ ನಾಲ್ಕು ಹೊಲಿಗೆ ಬಿಚ್ಚಿ ಮತ್ತೆ ಹಾಕ್ತೀನಿ. ಒಂದು ಗಂಟೆ ಸಾಕು.”

“ಉಡುಪಿಗೆ ಮೊಹರು ಬಿದ್ದಾಯ್ತು, ಅಗ್ರಫೇನಾ ತಿಖೊನೊವ್ನಾ. ಹೊಲಿಗೆ ಗಟ್ಟಿ ಇಲ್ವಾ?”

“ಹೊಲಿಗೆ ಗಟ್ಟಿ ಇದೆ. ಅದಕ್ಕೇ ಹೆದರಿಕೆ.”

ಅವರು ನಕ್ಕು ಕಳಿಸಿಬಿಟ್ಟರು. ಎರಡು ವಾರ ಅವಳು ಯಾರನ್ನೂ ಬೈಯಲಿಲ್ಲ. ಹುಡುಗಿಯರಿಗೆ ದಿಗಿಲಾಯಿತು.

ಆ ವರ್ಷ ಈಸ್ಟರ್ ಏಪ್ರಿಲ್ ಒಂಬತ್ತಕ್ಕೆ. ಹನ್ನೆರಡರ ಬುಧವಾರ ಬೆಳಿಗ್ಗೆ, ಹಬ್ಬಕ್ಕೆಂದು ಈರುಳ್ಳಿ ಸಿಪ್ಪೆಯಲ್ಲಿ ಬೇಯಿಸಿದ ಕೆಂಪು ಮೊಟ್ಟೆ ಇನ್ನೂ ಎಲ್ಲರ ಡಬ್ಬಿಯಲ್ಲಿತ್ತು. ಹತ್ತು ಗಂಟೆಗೆ ಗೋಡೆಯ ರೇಡಿಯೋ, ಮನುಷ್ಯನೊಬ್ಬ ಆಕಾಶಕ್ಕೆ ಹೋಗಿದ್ದಾನೆ, ಭೂಮಿಯನ್ನು ಸುತ್ತುತ್ತಿದ್ದಾನೆ, ನಮ್ಮವನು ಎಂದಿತು. ಯಂತ್ರಗಳೆಲ್ಲ ಒಮ್ಮೆಗೇ ನಿಂತವು. ಹುಡುಗಿಯರು ಮೇಜು ಹತ್ತಿ ಕುಣಿದರು. ತಾವು ಹೊಲಿದದ್ದು ಏನೆಂದು ಅವರಿಗೆ ಗೊತ್ತಾದದ್ದೇ ಆಗ. ಗ್ರೂಷಾ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಎಲ್ಲರಿಗೂ ರಾಕೆಟ್ಟಿನ ಚಿಂತೆ, ಅವಳಿಗೆ ಮಾತ್ರ ಆ ಹುಡುಗನ ತಲೆಯ ಚಿಂತೆ. ಅಷ್ಟು ಮೇಲಿನಿಂದ ನೋಡಿದರೆ ಊರು ಯಾವುದು, ನದಿ ಯಾವುದು, ಹಿಂದಿರುಗಲು ಯಾವ ಗುಂಡಿ ಒತ್ತಬೇಕು, ಎಲ್ಲ ನೆನಪಿರಬೇಕಲ್ಲ.

ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಇಳಿದ ಸುದ್ದಿ ಬಂತು. ಎಲ್ಲರೂ ಅಪ್ಪಿಕೊಂಡು ಅತ್ತರು.

“ಬಂದ ಕಣ್ರೀ ಚಿಕ್ಕಮ್ಮ, ಇನ್ನಾದ್ರೂ ಒಂದು ಮೊಟ್ಟೆ ತಿನ್ನಿ,” ಎಂದಳು ರಿಮ್ಮಾ.

“ಮೈ ಬಂತು. ಬುದ್ಧಿ ಬಂತೋ ಇಲ್ವೋ ಯಾರಿಗ್ ಗೊತ್ತು,” ಎಂದಳು ಗ್ರೂಷಾ.

ಅದು ಗೊತ್ತಾದದ್ದು ಶನಿವಾರ. ಗ್ಲೆಬ್ ರೊಮಾನೊವಿಚ್ ತಾವೇ ಹೊಲಿಗೆ ಕೋಣೆಗೆ ಬಂದರು. ಮೂರು ದಿನ ನಿದ್ದೆಗೆಟ್ಟ ಕಣ್ಣು. ನೇರ ಅವಳ ಮೇಜಿಗೆ ಬಂದು, ಹಾರಿದ್ದು ಅವಳು ಹೊಲಿದುಕೊಟ್ಟವನೇ ಎಂದು ತಗ್ಗಿದ ದನಿಯಲ್ಲಿ ತಿಳಿಸಿದರು.

“ಹತ್ತಿದ್ದು, ಸುತ್ತಿದ್ದು, ಇಳಿದಿದ್ದು, ಒಂದೊಂದ್ ನಿಮಿಷದ್ದೂ ಬಿಡದೆ ಹೇಳಿದಾನೆ, ಅಗ್ರಫೇನಾ ತಿಖೊನೊವ್ನಾ. ಏನೂ ಮರೆತಿಲ್ಲ. ಅವತ್ತು ನಿಮ್ಮನ್ನ ಗದರಬಾರದಿತ್ತು. ಮೊದಲು ನಿಮಗೇ ಹೇಳೋಣ ಅಂತ ಬಂದೆ.”

ಗ್ರೂಷಾ ಎದ್ದು ಈಸ್ಟರಿನ ವಾಡಿಕೆಯಂತೆ ಅವರ ಕೆನ್ನೆಗೆ ಮೂರು ಸಲ ಮುತ್ತಿಟ್ಟು ಹಬ್ಬದ ಶುಭ ಹೇಳಿದಳು. ಹುಡುಗಿಯರು ಚಪ್ಪಾಳೆ ತಟ್ಟಿದರು. ಎರಡು ವಾರದ ಕಲ್ಲು ಎದೆಯಿಂದ ಇಳಿದು ಅವಳು ಮನಸಾರೆ ನಕ್ಕಳು. ಹಾಗೆ ನಗುತ್ತಿದ್ದವಳು ಏನನ್ನೋ ಲೆಕ್ಕ ಹಾಕುವವಳಂತೆ ನಿಂತುಬಿಟ್ಟಳು. ಆಮೇಲೆ ಕುರ್ಚಿಯಲ್ಲಿ ಕುಸಿದು, ಕನ್ನಡಕ ತೆಗೆದಿಟ್ಟು, ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆಂದು ರಿಮ್ಮಾ ಬೆನ್ನು ಸವರಿದಳು.

ಅದರ ಮುಂದಿನ ಮಂಗಳವಾರ, ಈಸ್ಟರ್ ಆದಮೇಲೆ ಸತ್ತವರನ್ನು ನೆನೆಯುವ ದಿನ. ಜನ ಮೊಟ್ಟೆ, ರೊಟ್ಟಿ ಹಿಡಿದು ಸಮಾಧಿಗಳ ಕಡೆ ಹೊರಟಿದ್ದರು. ಗ್ರೂಷಾಳಿಗೆ ಹೋಗಲು ಸಮಾಧಿ ಇರಲಿಲ್ಲ, ಚರ್ಚಿಗೆ ಹೋದಳು. ಪ್ರಾರ್ಥನೆಯಲ್ಲಿ ಪಾದ್ರಿ ಓದುವ ಹೆಸರಿನ ಚೀಟಿಗಳು ಎರಡು ಬಗೆ, ಬದುಕಿದವರದು ಒಂದು, ತೀರಿಕೊಂಡವರದು ಒಂದು. ಮೇಣದಬತ್ತಿ ಮಾರುವ ಮುದುಕಿ ಫೆಕ್ಲಾ ಅವಳ ಚೀಟಿ ತೆಗೆದುಕೊಂಡು ಓದಿ, ಮತ್ತೊಮ್ಮೆ ಓದಿ, ಮೆಲ್ಲಗೆ ಹಿಂದಕ್ಕೆ ಚಾಚಿದಳು.

“ಗ್ರೂಷಾ, ಚೀಟಿ ಅದಲುಬದಲಾಗಿದೆ ನೋಡು. ಮಿತ್ರೋಫಾನನ್ನ ನೀನು ಯಾವಾಗ್ಲೂ ಬದುಕಿರೋರಲ್ಲಿ ಬರೀತಿದ್ದೆ.”

“ಸರಿಯಾಗೇ ಇದೆ ಅಕ್ಕಾ,” ಎಂದಳು ಗ್ರೂಷಾ. “ಅವನು ದಾರಿ ಮರೆತಿರ್ಲಿಲ್ಲ. ಬರೋಕಾಗೋ ಹಾಗಿದ್ದಿದ್ರೆ ಯಾವಾಗ್ಲೋ ಬಂದ್ಬಿಡ್ತಿದ್ದ.”